ಸಹಿ ಹಾಕುವ ಮುಂಚೆ ಕೇಳಿ: ಎಷ್ಟನೇ ಹಂತ?

ಹಾಸನ ಜಿಲ್ಲೆಯ ಕೇಳುಗರಿಗೆಲ್ಲ ನಮಸ್ಕಾರ.

ರಕ್ತದ ಕ್ಯಾನ್ಸರ್ ಒಮ್ಮೆ ಹತೋಟಿಗೆ ಬಂದು ಮತ್ತೆ ಮರುಕಳಿಸಿದಾಗ ಬೆಂಗಳೂರಿನ ಡಾಕ್ಟರು, ‘ಹೊಸ ಔಷಧಿಯ ಟ್ರಯಲ್ ಒಂದಿದೆ, ಸೇರ್ತೀರಾ?’ ಅಂತ ಕೇಳಬಹುದು. ಊರಿಗೆ ಬಂದರೆ ಒಬ್ಬರು ‘ನಿಮ್ಮ ಮೇಲೆ ಪ್ರಯೋಗ ಮಾಡ್ತಾರೆ, ಬೇಡ’ ಅಂತಾರೆ. ಇನ್ನೊಬ್ಬರು ‘ಫ್ರೀ ಔಷಧಿ, ಬಿಡಬೇಡಿ’ ಅಂತಾರೆ. ಎರಡೂ ಮಾತು ಪಕ್ಕಕ್ಕಿಡಿ. ಇದು ಎಷ್ಟನೇ ಹಂತದ ಟ್ರಯಲ್ ಅಂತ ಮೊದಲು ಕೇಳಿ.

ಹೊಸ ಔಷಧಿಯನ್ನು ಹಂತ ಹಂತವಾಗಿ ಪರೀಕ್ಷಿಸುತ್ತಾರೆ. ಮೊದಲ ಹಂತದಲ್ಲಿ ಮುಖ್ಯವಾಗಿ ಹುಡುಕುವುದು ಡೋಸನ್ನು. ಎಷ್ಟು ಕೊಟ್ಟರೆ ದೇಹ ತಡೆದುಕೊಳ್ಳುತ್ತದೆ ಅನ್ನೋದನ್ನು. ಹಳೆಯ ಕ್ರಮವೊಂದು ಈಗಲೂ ಬಳಕೆಯಲ್ಲಿದೆ. 3 ಜನರಿಗೆ ಕಡಿಮೆ ಡೋಸು ಕೊಟ್ಟು ಸಾಮಾನ್ಯವಾಗಿ ಮೂರ್ನಾಲ್ಕು ವಾರ ನೋಡುತ್ತಾರೆ. ಯಾರಿಗೂ ತೀವ್ರ ತೊಂದರೆ ಆಗದಿದ್ದರೆ ಮುಂದಿನ 3 ಜನರಿಗೆ ಸ್ವಲ್ಪ ಜಾಸ್ತಿ. ಒಬ್ಬರಿಗೆ ಆದರೆ ಅದೇ ಡೋಸು ಇನ್ನೂ 3 ಜನರಿಗೆ. ಇಬ್ಬರಿಗೆ ಆಯಿತೋ, ಏರಿಸುವುದು ಅಲ್ಲಿಗೆ ನಿಂತಿತು. ಅಂದರೆ ಮೊದಮೊದಲು ಸೇರಿದವರಿಗೆ ಸಿಗುವ ಡೋಸು ಕಾಯಿಲೆಗೆ ಸಾಲದೇ ಹೋಗಬಹುದು. ಇದನ್ನು ಮುಚ್ಚಿಡಬಾರದು, ಸೇರುವವರಿಗೆ ಬಿಡಿಸಿ ಹೇಳಲೇಬೇಕು.

ಹಾಗಂತ ಆಸೆಯೇ ಇಲ್ಲ ಅಂತಲ್ಲ. ಇಮಾಟಿನಿಬ್ ಮಾತ್ರೆಯ ಮೊದಲ ಹಂತ ಶುರುವಾದದ್ದು 1998ರಲ್ಲಿ. ಸಿಎಂಎಲ್ ಎಂಬ ರಕ್ತದ ಕ್ಯಾನ್ಸರ್ ಇದ್ದು, ಆಗ ಬಳಕೆಯಲ್ಲಿದ್ದ ಇಂಟರ್‌ಫೆರಾನ್ ಔಷಧಿ ಫಲ ಕೊಡದವರು ಅದರಲ್ಲಿ ಸೇರಿದ್ದರು. ದಿನಕ್ಕೆ 300 ಮಿಲಿಗ್ರಾಂ ಅಥವಾ ಜಾಸ್ತಿ ತೆಗೆದುಕೊಂಡ 54 ಜನರಲ್ಲಿ 53 ಜನರ ರಕ್ತಕಣಗಳ ಲೆಕ್ಕ ಸರಿಹೋಯಿತು. ಇಷ್ಟು ಒಳ್ಳೆಯ ಫಲ ಅಪರೂಪ, ನಿಜ. ನಮ್ಮ ದೇಶದಲ್ಲೂ ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್ ಆಸ್ಪತ್ರೆ ಸೇರಿ ಬೆಳೆಸಿದ ಕಾರ್-ಟಿ ಚಿಕಿತ್ಸೆ (ರೋಗಿಯದೇ ರೋಗನಿರೋಧಕ ಕಣಗಳನ್ನು ಮಾರ್ಪಡಿಸಿ ವಾಪಸ್ ಕೊಡುವ ಚಿಕಿತ್ಸೆ) ಇಂಥ ಟ್ರಯಲ್‌ಗಳನ್ನು ದಾಟಿ 2023ರಲ್ಲಿ ಅನುಮತಿ ಪಡೆಯಿತು. ಮರುಕಳಿಸಿದ ಕೆಲವು ಬಗೆಯ ರಕ್ತದ ಕ್ಯಾನ್ಸರ್‌ಗೇ ಅದು.

ಔಷಧಿ ಟ್ರಯಲ್‌ಗಳ ಬಗ್ಗೆ ನಮ್ಮ ದೇಶದಲ್ಲಿರುವ 2019ರ ನಿಯಮಗಳ ಪ್ರಕಾರ ಒಪ್ಪಿಗೆ ಪತ್ರ ನಿಮಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ಕನ್ನಡದ್ದನ್ನೇ ಕೇಳಿ, ಸಂಕೋಚ ಬೇಡ. ಟ್ರಯಲ್‌ನಿಂದ ತೊಂದರೆಯಾದರೆ ಉಚಿತ ಚಿಕಿತ್ಸೆ, ಪರಿಹಾರ ಎರಡೂ ಉಂಟು. ಯಾವಾಗ ಬೇಕಾದರೂ ಹೊರಗೆ ಬರಬಹುದು.

ಓಡಾಟವನ್ನೂ ಲೆಕ್ಕ ಹಾಕಿ. ಔಷಧಿ ಕೊಟ್ಟ ದಿನ ಗಂಟೆಗಂಟೆಗೂ ರಕ್ತ ತೆಗೆಯುವುದುಂಟು, ಆಮೇಲೂ ಆಗಾಗ ಹೋಗುತ್ತಿರಬೇಕು. ಸಕಲೇಶಪುರದಲ್ಲಿ ಕಾಫಿ ಕೊಯ್ಲಿನ ಹೊತ್ತಲ್ಲಿ ಜೊತೆಗೆ ಬರುವವರು ಯಾರು? ಬಸ್ಸು, ರೂಮಿನ ಖರ್ಚು ಯಾರದು? ಸಹಿಗೆ ಮುಂಚೆಯೇ ಕೇಳಿ. ಮಧ್ಯರಾತ್ರಿ ಜ್ವರ ಬಂದರೆ ಫೋನ್ ಮಾಡಬೇಕಾದ ನಂಬರನ್ನು ಫೈಲಿನ ಮೇಲೆ ಬರೆಸಿಕೊಳ್ಳಿ. ಒಪ್ಪಿಗೆ ಪತ್ರದ ಒಂದು ಪ್ರತಿಯನ್ನು ಹಾಸನದ ನಿಮ್ಮ ಡಾಕ್ಟರಿಗೂ ಕೊಟ್ಟಿರಿ.

ನಮಸ್ಕಾರ.