ಕಾಣೆಯಾಗಿದ್ದ ಮೂಳೆಚೂರು

ಕೇಳುಗರಿಗೆಲ್ಲ ನಮಸ್ಕಾರ.

ಈ ಬೇಸಿಗೆ ರಜೆಯಲ್ಲಿ ಜಯನಗರದ ಅಜ್ಜಿಯೊಬ್ಬರು ಎಂಟು ವರ್ಷದ ಮೊಮ್ಮಗಳನ್ನು ನನ್ನ ಹತ್ತಿರ ಕರೆತಂದರು. ಪಾರ್ಕಿನಲ್ಲಿ ಜಾರುಬಂಡೆಯಿಂದ ಬಿದ್ದು ಐದು ದಿನವಾಗಿತ್ತು. "ಎಕ್ಸ್-ರೇ ತೆಗೆಸಿದ್ವಿ ಡಾಕ್ಟ್ರೇ, ಮುರಿದಿಲ್ಲ ಅಂದ್ರು. ಆದ್ರೂ ಮಗು ಕೈ ನೀಡೋದೇ ಇಲ್ಲ."

ಮಗುವಿನ ಜೊತೆ ಕಲ್ಲು-ಕಾಗದ-ಕತ್ತರಿ ಆಡಿದೆ. ಅದು ಬರೀ ಆಟವಲ್ಲ, ಕೈಯ ನರಗಳ ಪರೀಕ್ಷೆ. ಕಲ್ಲು ಬಂತು, ಕಾಗದ ಬಂತು. ಕತ್ತರಿ ಮಾಡಲು ಹೋದಾಗ ಬೆರಳುಗಳು ಅಗಲವಾಗಲೇ ಇಲ್ಲ. ಕಿರುಬೆರಳು ಜುಮ್ಮೆನ್ನುತ್ತದೆ ಎಂದಳು. ಮೊಣಕೈಯ ಒಳಬದಿಯಲ್ಲಿ ಹಾದುಹೋಗುವ ನರಕ್ಕೆ ತೊಂದರೆಯಾಗಿತ್ತು.

ಮಕ್ಕಳ ಮೊಣಕೈ ಎಕ್ಸ್-ರೇ ಓದುವುದು ನಿಜಕ್ಕೂ ಕಷ್ಟ. ಅಲ್ಲಿ ಬಹುಪಾಲು ಇನ್ನೂ ಮೆದು ಎಲುಬು. ಅದು ಫಿಲ್ಮಿನಲ್ಲಿ ಕಾಣುವುದಿಲ್ಲ. ಆರು ಕಡೆ ಒಂದೊಂದಾಗಿ ಗಟ್ಟಿಯಾಗುತ್ತಾ ಬರುತ್ತದೆ, ಸುಮಾರು 1, 3, 5, 7, 9, 11ನೇ ವಯಸ್ಸಿಗೆ. ಒಳಬದಿಯ ಗುಬುಟು ಐದರ ಹೊತ್ತಿಗೆ ಕಾಣಬೇಕು. ಕೀಲಿನ ನಡುವಿನ ರಾಟೆಯಂಥ ಭಾಗ ಕಾಣುವುದು ಅದರ ನಂತರ. ಇವಳ ಫಿಲ್ಮಿನಲ್ಲಿ ನಡುವೆ ರಾಟೆಯಂತೆ ಕಾಣುವ ಒಂದು ಚೂರು ಇತ್ತು, ಅದಕ್ಕಿಂತ ಮೊದಲೇ ಕಾಣಬೇಕಾದ ಗುಬುಟು ಮಾತ್ರ ಇರಲಿಲ್ಲ. ಇನ್ನೊಂದು ಮೊಣಕೈಯ ಎಕ್ಸ್-ರೇ ತೆಗೆಸಿ ಪಕ್ಕದಲ್ಲಿಟ್ಟೆ. ಆಗ ಗೊತ್ತಾಯಿತು. ಬಿದ್ದಾಗ ಗುಬುಟು ಕಿತ್ತುಬಂದು ಕೀಲಿನೊಳಗೆ ಸಿಕ್ಕಿಕೊಂಡಿತ್ತು! ಇಂಥದ್ದು ಅಪರೂಪ. ಆದರೆ ತಪ್ಪಿಹೋದರೆ ಕೈ ಹಾಗೇ ಸೆಟೆದುಕೊಳ್ಳುತ್ತದೆ. ಆಪರೇಷನ್ ಮಾಡಿ ಚೂರನ್ನು ಕೀಲಿನಿಂದ ಹೊರತೆಗೆದು, ಅದನ್ನು ಮೊದಲಿದ್ದ ಜಾಗದಲ್ಲೇ ಸ್ಕ್ರೂ ಹಾಕಿ ಕೂರಿಸಿದೆವು.

ಹೀಗೇ ತಪ್ಪಿಹೋಗುವ ಇನ್ನೊಂದು ಪೆಟ್ಟು ಮೊಂಟೆಜಿಯಾ. ಆ ಹೆಸರಿನ ಇಟಲಿಯ ಸರ್ಜನ್ 1814ರಲ್ಲೇ ಇದನ್ನು ವಿವರಿಸಿದ್ದರು. ಮುಂಗೈಯ ಒಂದು ಮೂಳೆ ಮುರಿದಿರುತ್ತದೆ ಅಥವಾ ಬಾಗಿರುತ್ತದೆ. ಅದರ ಜೋಡಿ ಮೂಳೆಯ ತಲೆ ಮೊಣಕೈಯಲ್ಲಿ ಜಾರಿರುತ್ತದೆ. ಕಣ್ಣು ಮುರಿತದ ಮೇಲೆಯೇ ನಿಂತರೆ ಜಾರಿದ್ದು ತಪ್ಪಿಹೋಗುತ್ತದೆ. ಅದಕ್ಕೇ ಎಕ್ಸ್-ರೇಯಲ್ಲಿ ಮೊಣಕೈ, ಮಣಿಕಟ್ಟು ಎರಡೂ ಬರಬೇಕು.

ಅಪ್ಪ ಅಮ್ಮಂದಿರೇ, ಮಗು ಬಿದ್ದು ಮೊಣಕೈ ಊದಿದರೆ ದಯವಿಟ್ಟು ಎಣ್ಣೆ ಹಚ್ಚಿ ತಿಕ್ಕಬೇಡಿ, ಎಳೆಯಬೇಡಿ. ಕೈ ಇದ್ದ ಹಾಗೇ ಇರಲಿ. ಮಡಿಸಿದ ಪೇಪರ್ ಆಸರೆ ಕೊಟ್ಟು, ದುಪಟ್ಟಾದಲ್ಲಿ ತೂಗುಹಾಕಿ ಕರೆತನ್ನಿ. ಆಪರೇಷನ್ ಬೇಕಾಗಬಹುದು, ಡಾಕ್ಟರ್ ನೋಡುವ ತನಕ ತಿನ್ನಲು ಏನೂ ಕೊಡಬೇಡಿ. ಬೆರಳು ಬಿಳಿಚಿದ್ದರೆ, ತಣ್ಣಗಿದ್ದರೆ, ನೋವು ಜಾಸ್ತಿಯಾಗುತ್ತಲೇ ಇದ್ದರೆ ಬೆಳಗಾಗಲಿ ಅಂತ ಕಾಯಬೇಡಿ. ಮುರಿದಿಲ್ಲ ಅಂದ ಮೇಲೂ ಮಗು ಕೈ ಆಡಿಸದಿದ್ದರೆ ಮತ್ತೆ ತೋರಿಸಿ.

ಆ ಹುಡುಗಿ ಹೋದ ವಾರ ಬಂದಿದ್ದಳು. ಕತ್ತರಿ ಸರಾಗವಾಗಿ ಬಂತು. ಜಡೆ ತಾನೇ ಹಾಕಿಕೊಂಡಿದ್ದಳು. ಕೈ ಪೂರ್ತಿ ನೆಟ್ಟಗಾಗುವುದು ಇನ್ನೂ ಸ್ವಲ್ಪ ಬಾಕಿ ಇದೆ.

ನಮಸ್ಕಾರ.