ನರಸಾಪುರದ 437 ಕೋಟಿ

ನಮಸ್ಕಾರ. 437 ಕೋಟಿ ರೂಪಾಯಿ. ಈ ಲೆಕ್ಕ ನೆನಪಿದೆಯಾ?

2020ರ ಡಿಸೆಂಬರ್ 12, ಶನಿವಾರ ಬೆಳಗ್ಗೆ. ಕೋಲಾರ ಜಿಲ್ಲೆಯ ನರಸಾಪುರದಲ್ಲಿ ಐಫೋನ್ ಜೋಡಿಸುತ್ತಿದ್ದ, ತೈವಾನಿನ ವಿಸ್ಟ್ರಾನ್ ಕಂಪನಿಯ ಕಾರ್ಖಾನೆ. ರಾತ್ರಿ ಪಾಳಿ ಮುಗಿಯುವ ಹೊತ್ತಿಗೆ ಗಲಾಟೆ ಶುರುವಾಯಿತು. ಗಾಜು ಪುಡಿಪುಡಿಯಾಯಿತು, ಗಾಡಿಗಳು ಮಗುಚಿ ಬಿದ್ದವು. ಅದನ್ನು ನಾನು ಸಮರ್ಥಿಸುವುದಿಲ್ಲ. ಆದರೆ ಆಮೇಲೆ ನಮಗೆ ಸುದ್ದಿ ತಲುಪಿದ ರೀತಿ ಇದೆಯಲ್ಲ, ಅದರ ಬಗ್ಗೆ ಮಾತಾಡಲೇಬೇಕು.

ಪೊಲೀಸರಿಗೆ ಕೊಟ್ಟ ದೂರಿನಲ್ಲಿ ಕಂಪನಿ ಕಡೆಯವರು ನಷ್ಟ 437 ಕೋಟಿ ಅಂದರು. ಎಲ್ಲ ಕಡೆ ಅದೇ ತಲೆಬರಹ. ಕೆಲವೇ ದಿನಗಳಲ್ಲಿ ಅದೇ ಕಂಪನಿ ತೈವಾನಿನ ಷೇರು ಪೇಟೆಗೆ ಬೇರೆಯೇ ಅಂದಾಜು ಕೊಟ್ಟಿತು. 10ರಿಂದ 20 ಕೋಟಿ ತೈವಾನ್ ಡಾಲರ್. ಅಂದರೆ ನಮ್ಮ ದುಡ್ಡಲ್ಲಿ ಸುಮಾರು 26ರಿಂದ 52 ಕೋಟಿ. ಎಲ್ಲಿಯ 437, ಎಲ್ಲಿಯ 52? ಷೇರು ಪೇಟೆಗೆ ಕೊಟ್ಟ ಲೆಕ್ಕಕ್ಕೆ ಕಂಪನಿ ನಾಳೆ ಉತ್ತರ ಹೇಳಬೇಕಾಗುತ್ತದೆ. ನಮ್ಮ ಸ್ಟುಡಿಯೋಗಳಲ್ಲಿ ಕೂಗಿ ಹೇಳಿದ ಲೆಕ್ಕಕ್ಕೆ ಉತ್ತರ ಕೇಳುವವರು ಯಾರು? ಎರಡನೇ ಅಂಕಿಯೂ ಸುದ್ದಿಯಾಯಿತು, ನಿಜ. ಆದರೆ ಜನರ ತಲೆಯಲ್ಲಿ ಕೂತದ್ದು ಮೊದಲನೆಯದೇ.

ಇನ್ನೊಂದು ಮಾತು. ಗುರುತು ಗೊತ್ತಿಲ್ಲದ ಹೊರಗಿನವರು ನುಗ್ಗಿ ಹಾಳು ಮಾಡಿದರು ಅಂತ ಕಂಪನಿ ಮೊದಲ ಹೇಳಿಕೆಯಲ್ಲೇ ಹೇಳಿತು. ಪ್ರಚಾರ ವಿಭಾಗದವರ ಕೆಲಸದಲ್ಲಿ ಇದು ಬಹಳ ಮುಖ್ಯ. "ಹೊರಗಿನವರು" ಅಂದುಬಿಟ್ಟರೆ, ಒಳಗಿನವರಿಗೆ ಏನಾಗಿತ್ತು ಅನ್ನುವ ಪ್ರಶ್ನೆಯೇ ಏಳುವುದಿಲ್ಲ.

ಒಳಗೆ ಏನಾಗಿತ್ತು? ಕಾರ್ಖಾನೆ ಇಲಾಖೆಯವರು ಹೋಗಿ ನೋಡಿದರು. ಸ್ವಲ್ಪ ಸಮಯದಲ್ಲೇ ಕೆಲಸಗಾರರ ಸಂಖ್ಯೆ 5,000ದಿಂದ 10,500ಕ್ಕೆ ಏರಿತ್ತು. ಅವರಲ್ಲಿ ಹೆಚ್ಚಿನವರು ಏಜೆನ್ಸಿ ಮೂಲಕ ಬಂದ ಗುತ್ತಿಗೆಯವರು. ಇಷ್ಟು ಜನರ ಹಾಜರಿ, ಸಂಬಳ ನೋಡಿಕೊಳ್ಳಲು ತಕ್ಕ ವ್ಯವಸ್ಥೆಯೇ ಇರಲಿಲ್ಲ. ಎಂಟು ಗಂಟೆಯ ಪಾಳಿ ಹನ್ನೆರಡು ಗಂಟೆಯಾಗಿತ್ತು. ತಿಂಗಳಿಗೆ 21,000 ಅಂತ ಹೇಳಿ ಕರೆತಂದ ಎಂಜಿನಿಯರಿಂಗ್ ಹುಡುಗರಿಗೆ 16,000, ಆಮೇಲೆ 12,000 ಬಂತು ಅನ್ನುವ ದೂರುಗಳಿದ್ದವು. ಖಾತೆಗೆ ಬಂದದ್ದು ಬರೀ 500 ರೂಪಾಯಿ ಅಂದವರೂ ಇದ್ದರು. ಯೋಚನೆ ಮಾಡಿ. ರಾತ್ರಿಯಿಡೀ ನಿಂತು ದುಡಿದ ಹುಡುಗ. ಮೊಬೈಲಿಗೆ ಬ್ಯಾಂಕಿನ ಮೆಸೇಜ್ ಬರುತ್ತದೆ. ರೂಮಿನ ಬಾಡಿಗೆ ಕಟ್ಟಬೇಕು, ಊರಿಗೆ ದುಡ್ಡು ಕಳಿಸಬೇಕು. ಕೇಳೋಣ ಅಂದರೆ ಏಜೆನ್ಸಿಯವರು ಕಂಪನಿ ಕಡೆ ಕೈ ತೋರಿಸುತ್ತಾರೆ, ಕಂಪನಿಯವರು ಏಜೆನ್ಸಿ ಕಡೆ. ಆ ಮೆಸೇಜನ್ನು ಎಷ್ಟು ಕ್ಯಾಮೆರಾ ತೋರಿಸಿದವು?

ಒಂದೇ ವಾರ. ಡಿಸೆಂಬರ್ 19ಕ್ಕೆ ಮಾತು ಬದಲಾಯಿತು. ಕೆಲವರಿಗೆ ಸರಿಯಾಗಿ, ಸಮಯಕ್ಕೆ ಸಂಬಳ ಕೊಟ್ಟಿಲ್ಲ ಅಂತ ವಿಸ್ಟ್ರಾನ್ ಒಪ್ಪಿಕೊಂಡು ಕ್ಷಮೆ ಕೇಳಿತು. ಭಾರತದ ವ್ಯವಹಾರ ನೋಡುತ್ತಿದ್ದ ಉಪಾಧ್ಯಕ್ಷರನ್ನು ತೆಗೆಯಿತು. ಲೋಪ ಸರಿಯಾಗುವವರೆಗೆ ವಿಸ್ಟ್ರಾನ್‌ಗೆ ಹೊಸ ಆರ್ಡರ್ ಕೊಡುವುದಿಲ್ಲ ಅಂತ ಐಫೋನಿನ ಒಡೆಯ ಆಪಲ್ ಕಂಪನಿ ಹೇಳಿತು. ಆದರೆ ಆ ಹೊತ್ತಿಗೆ ನೂರಕ್ಕೂ ಹೆಚ್ಚು ಜನರ ಬಂಧನವಾಗಿತ್ತು. ರಾಜ್ಯದ ಮಾನ ಹೋಯಿತು, ಬಂಡವಾಳ ಓಡಿಹೋಗುತ್ತದೆ ಅನ್ನುವ ಚರ್ಚೆ ಮುಗಿದೇ ಹೋಗಿತ್ತು.

"ಗಲಾಟೆ ಯಾಕೆ ಮಾಡಬೇಕಿತ್ತು, ಶಾಂತಿಯಿಂದ ಕೇಳಬಹುದಿತ್ತಲ್ಲ" ಅನ್ನುವವರಿಗೆ ಬಿಡದಿಯನ್ನು ನೆನಪಿಸುತ್ತೇನೆ. ಅದೇ ಸಮಯದಲ್ಲಿ ಅಲ್ಲಿ ಟೊಯೋಟಾ ಕಾರ್ಮಿಕರು ಮುಷ್ಕರದಲ್ಲಿದ್ದರು. ನವೆಂಬರ್‌ನಲ್ಲಿ ಶುರುವಾದದ್ದು ಮೂರು ತಿಂಗಳಿಗೂ ಜಾಸ್ತಿ ನಡೆಯಿತು. ಕೆಲಸದ ಒತ್ತಡ ತಡೆಯಲಾಗುತ್ತಿಲ್ಲ ಅನ್ನುವುದು ಅವರ ದೂರು. ಅವರಿಗೆ ಸಂಘ ಇತ್ತು, ಶಿಸ್ತಿನಿಂದ ಧರಣಿ ಕೂತರು. ಅವರ ಮಾತು ಕೇಳಲು ಎಷ್ಟು ಚಾನೆಲ್ ಸಂಜೆ ಒಂದು ಗಂಟೆ ಕೊಟ್ಟವು? ಗಾಜು ಒಡೆದರೆ ಮಾತ್ರ ಕ್ಯಾಮೆರಾ ಬರುತ್ತದೆ ಅನ್ನುವುದನ್ನು ಕಾರ್ಮಿಕರಿಗೆ ಕಲಿಸುತ್ತಿರುವವರು ಯಾರು? ನಾವೇ ಅಲ್ವಾ?

ಕಂಪನಿ ತನ್ನ ಮಾತು ಹೇಳಲಿ, ಅದು ಅದರ ಹಕ್ಕು. ನನ್ನ ಸಿಟ್ಟು ನಮ್ಮವರ ಮೇಲೆ, ಮಾಧ್ಯಮದವರ ಮೇಲೆ. ಪತ್ರಿಕಾ ಪ್ರಕಟಣೆ ಮೇಲ್‌ಗೆ ಬರುತ್ತದೆ, ಅದಕ್ಕೆ ಖರ್ಚಿಲ್ಲ. ಕಾರ್ಮಿಕನ ಸಂಬಳದ ಚೀಟಿ ನೋಡಬೇಕಾದರೆ ವೇಮಗಲ್‌ಗೋ ಮಾಲೂರಿಗೋ ಹೋಗಿ, ಬಾಡಿಗೆ ರೂಮಿನ ಬಾಗಿಲು ತಟ್ಟಬೇಕು. ಹೆಸರು ಹೇಳಲು ಹೆದರುವವನ ಪಕ್ಕ ಕೂತು, ಅವನ ಗುರುತು ಕಾಪಾಡುತ್ತೇವೆ ಅಂತ ಮಾತು ಕೊಡಬೇಕು. ದೊಡ್ಡ ಅಂಕಿ ಓದುವ ಮೊದಲು, ಇದು ಯಾರ ಲೆಕ್ಕ, ಬೇರೆ ಕಡೆ ಇವರು ಏನು ಹೇಳಿದ್ದಾರೆ ಅಂತ ಒಂದು ಫೋನ್ ಮಾಡಬೇಕು.

ಆ ಡಿಸೆಂಬರಿನಲ್ಲಿ ನರಸಾಪುರದಲ್ಲಿ ದುಡಿಯುತ್ತಿದ್ದ ಯಾರಾದರೂ ಇದನ್ನು ಕೇಳುತ್ತಿದ್ದರೆ ನನಗೆ ಬರೆಯಿರಿ. ನಿಮ್ಮ ಹೆಸರು ಹೊರಗೆ ಬರುವುದಿಲ್ಲ. ಅಕ್ಟೋಬರ್, ನವೆಂಬರ್ ತಿಂಗಳ ಬಾಕಿ ನಿಮ್ಮ ಕೈಗೆ ಪೂರ್ತಿ ಬಂತಾ, ಅದನ್ನು ಮೊದಲು ಹೇಳಿ.