ಕಾಂಪೌಂಡಿನ ಹೊರಗಿನ ಲೆಕ್ಕ

ಎಲ್ಲರಿಗೂ ಶರಣು. ಮುಚ್ಚಿದ ಟಾಕೀಸನ್ನು ಏನು ಮಾಡಬೇಕು ಅಂತ ನಮ್ಮ ವಿಜಯಪುರದಲ್ಲಿ ಯಾರಾದರೂ ಕೇಳಿದರೆ ಸಾಕು, ಮಾತು ಜಾಗದ ರೇಟಿಗೆ ಹೋಗುತ್ತದೆ. ಕೆಡವಿ ಕಾಂಪ್ಲೆಕ್ಸ್ ಕಟ್ಟಿದರೆ ಬಾಡಿಗೆ ಎಷ್ಟು, ಕಲ್ಯಾಣಮಂಟಪ ಮಾಡಿದರೆ ಎಷ್ಟು. ನಾನು ಕೇಳುವುದು ಬೇರೆ ಲೆಕ್ಕ. ಆ ಟಾಕೀಸು ನಡೆಯುತ್ತಿದ್ದಾಗ ಕಾಂಪೌಂಡಿನ ಹೊರಗೆ ಎಷ್ಟು ಸಂಸಾರ ನಡೆಯುತ್ತಿದ್ದವು?

ಬಾದಾಮಿ ಹತ್ತಿರದ ಬನಶಂಕರಿ ಜಾತ್ರೆ ನಿಮಗೆ ಹೊಸದಲ್ಲ. ಬನದ ಹುಣ್ಣಿಮೆಗೆ ತೇರು ಎಳೆದ ಮೇಲೂ ನಾಟಕ ಕಂಪನಿಗಳು ಅಲ್ಲಿ ವಾರಗಟ್ಟಲೆ ಇರುತ್ತವೆ. ಒಮ್ಮೆ ಒಂದು ಕಂಪನಿಯ ಥೇಟರ್ ಪಕ್ಕದಲ್ಲಿ ಮಿರ್ಚಿ ಭಜಿ ಮಾಡುವ ಅಕ್ಕನ ಹತ್ತಿರ ಕುಳಿತಿದ್ದೆ. ಒಳಗೆ ನಾಟಕ ನಡೆದಿತ್ತು. ಆಕೆ ತಲೆ ಎತ್ತದೆ ಮಗನಿಗೆ ಹೇಳಿದಳು: ‘ಗೌಡನ ಮಗಳು ಅಳಾಕ ಹತ್ಯಾಳ, ಹಿಟ್ಟ ಕಲಸು.’ ಸ್ವಲ್ಪ ಹೊತ್ತಿಗೇ ಇಂಟರ್ವಲ್! ಬುಟ್ಟಿಯಲ್ಲಿದ್ದ ಭಜಿ ಎಲ್ಲ ಖಾಲಿ. ‘ನಾಟಕ ನೋಡೀರೇನಕ್ಕ?’ ಅಂದೆ. ‘ನೋಡಿಲ್ಲರಿ, ದಿನಾ ಕೇಳ್ತೀನಿ. ಕಾಮಿಡಿ ಪಾರ್ಟ್ ಬಂತಂದ್ರ ಯಾರೂ ಎದ್ದು ಬರೂದಿಲ್ಲ. ಆವಾಗ ಒಲಿ ಸಣ್ಣ ಮಾಡ್ತೀನಿ’ ಅಂದಳು. ನಾಟಕದ ಬಗ್ಗೆ ಇಷ್ಟು ಖಚಿತ ವಿಮರ್ಶೆ ನಾನು ಕೇಳಿಲ್ಲ. (ನಗು)

ಟಿಕೆಟಿನ ದುಡ್ಡು ಕಂಪನಿಗೆ ಹೋಯಿತು, ಸರಿ. ಆದರೆ ಇಂಟರ್ವಲ್ಲಿನ ದುಡ್ಡು ಆ ಒಲೆಗೆ ಬಂತು. ಕಾಂಪೌಂಡಿನ ಹೊರಗಿನ ಲೆಕ್ಕ ಅಂದರೆ ಇದು. ಮಲ್ಟಿಪ್ಲೆಕ್ಸಿನಲ್ಲಿ ಪಾರ್ಕಿಂಗ್ ಒಳಗೆ, ತಿಂಡಿ ಒಳಗೆ. ಹೊರಗಿನ ತಿಂಡಿ ಒಯ್ಯುವ ಹಾಗಿಲ್ಲ. ಸಾವಿರ ಜನ ಬಂದು ಹೋದರೂ ಪಕ್ಕದ ಚಹಾದಂಗಡಿಗೆ ಗೊತ್ತೇ ಆಗುವುದಿಲ್ಲ. ನಾನು ಮಲ್ಟಿಪ್ಲೆಕ್ಸಿನ ವಿರೋಧಿಯಲ್ಲ. ಅದರಿಂದ ಬೀದಿ ಸುಧಾರಿಸುತ್ತದೆ ಅನ್ನುವುದನ್ನು ಮಾತ್ರ ಒಪ್ಪಲಾರೆ.

ಬೀಳಗಿಯಲ್ಲಿ ಹುಟ್ಟಿದ ಅಮೀರಬಾಯಿ ಕರ್ನಾಟಕಿ ಮುಂಬೈಗೆ ಹೋಗಿ, 1943ರ ‘ಕಿಸ್ಮತ್’ ಚಿತ್ರಕ್ಕೆ ಹಾಡಿ ದೇಶಕ್ಕೆಲ್ಲ ಗೊತ್ತಾದರು. ಅವರ ಹೆಸರಿನ ಅಮೀರ್ ಟಾಕೀಸ್ ಇದ್ದದ್ದು ನಮ್ಮೂರಲ್ಲೇ. ಇಂಥ ಹೆಸರುಗಳಿರುವ ಊರು ಮನರಂಜನೆಯ ಜಾಗವನ್ನು ಸುಮ್ನೆ ಸೈಟು ಅಂತ ನೋಡಬಾರದು ಅಲ್ವಾ?

ಹಳೇ ಟಾಕೀಸನ್ನು ಸಿನಿಮಾಕ್ಕೇ ಉಳಿಸಬೇಕು ಅಂತ ನನ್ನ ಹಟವಿಲ್ಲ. ಬೆಂಗಳೂರಿನ ರಂಗಶಂಕರ 2004ರಲ್ಲಿ ಶುರುವಾಯಿತು. ಅಲ್ಲಿ ನಾಟಕದ ಜೊತೆ ಕ್ಯಾಂಟೀನೂ ಇದೆ, ಪುಸ್ತಕದಂಗಡಿಯೂ ಇದೆ. ಪರದೆ ಏಳುವ ಮೊದಲೇ ಜನ ಸೇರಿರುತ್ತಾರೆ. ನಮ್ಮಲ್ಲೂ ನಾಟಕಕಾರ ಕಂದಗಲ್ ಹನುಮಂತರಾಯರ ಹೆಸರಿನ ರಂಗಮಂದಿರ ಇದೆ. ಕಾರ್ಯಕ್ರಮವಿಲ್ಲದ ಸಂಜೆ ಅದನ್ನು ಕಾಲೇಜು ಹುಡುಗರ ತಾಲೀಮಿಗೆ, ಭಜನಾ ಮೇಳಕ್ಕೆ, ಓಣಿಯ ಹೆಣ್ಣುಮಕ್ಕಳ ಹಾಡಿಗೆ ಕಡಿಮೆ ಬಾಡಿಗೆಗೆ ಕೊಡಲಿ. ದಿನಾ ಸಂಜೆ ದೀಪ ಹತ್ತಿದರೆ ತಿಂಡಿ ಗಾಡಿಯವರು ತಾವಾಗೇ ಬರುತ್ತಾರೆ.

ಬಂದವರನ್ನು ಎಬ್ಬಿಸಬಾರದು, ಅದು ಮುಖ್ಯ. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯಲ್ಲಿ ಪಟ್ಟಣ ವ್ಯಾಪಾರ ಸಮಿತಿಗೆ ಅವಕಾಶವಿದೆ, ವ್ಯಾಪಾರಿಗಳ ಪ್ರತಿನಿಧಿಗಳೂ ಅದರಲ್ಲಿ ಕೂರುತ್ತಾರೆ. ಯಾವುದೇ ಥೇಟರ್ ದುರಸ್ತಿಯ ನಕ್ಷೆ ಮೊದಲು ಆ ಸಮಿತಿಯ ಮುಂದೆ ಬರಲಿ. ಪಾರ್ಕಿಂಗ್ ಎಷ್ಟು ಅಂತ ಕೇಳುವ ಹಾಗೆಯೇ ತಿಂಡಿ ಗಾಡಿ ನಿಲ್ಲಿಸುವ ಜಾಗ ಎಷ್ಟು ಅಂತಲೂ ಕೇಳಲಿ. ಮತ್ತೆ ಅದೇ ಹೇಳುತ್ತಿದ್ದೇನೆ, ಕಾಂಪೌಂಡಿನ ಹೊರಗಿನ ಲೆಕ್ಕ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಶೌಚಾಲಯ, ಬೀದಿದೀಪದ ಮಾತು ಬಿಡುತ್ತೇನೆ. ಬಸ್ಸಿನ ಮಾತು ಬಿಡಲಾರೆ. ರಾತ್ರಿ ಆಟ ಬಿಡುವ ಹೊತ್ತಿಗೆ ಇಂಡಿ, ಸಿಂದಗಿ, ಬಬಲೇಶ್ವರದ ಕಡೆ ಒಂದೊಂದು ಬಸ್ಸು ಬೇಕು. ಇಲ್ಲದಿದ್ದರೆ ಹಳ್ಳಿಯ ಹೆಣ್ಣುಮಕ್ಕಳು ಬರುವುದೇ ಇಲ್ಲ. ಈ ಬೇಡಿಕೆಗಳ ಅರ್ಜಿ ಬಾಗಿಲ ಹತ್ತಿರದ ಟೇಬಲ್ಲಿನ ಮೇಲಿದೆ. ಹೋಗುವಾಗ ದಯವಿಟ್ಟು ಸಹಿ ಹಾಕಿ, ಊರಿನ ಹೆಸರೂ ಬರೆಯಿರಿ.